ಎಸ್ಸೆಸ್ಸೆಲ್ಸಿ ಆದಮೇಲೆ: ಐಟಿಐ ಜೋಡಿ ತರಬೇತಿಯೋ, ನೇರ ಅಪ್ರೆಂಟಿಸೋ?

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹಿಡಿಯಬೇಕು ಅಂದುಕೊಂಡವರಿಗೆ ಈ ಎರಡರಲ್ಲೇ ಗೊಂದಲ ಜಾಸ್ತಿ.

ನೇರ ಅಪ್ರೆಂಟಿಸ್ ಅಂದರೆ ಐಟಿಐಗೆ ಹೋಗದೆ ಕಾರ್ಖಾನೆಯಲ್ಲೇ ಕೆಲಸ ಕಲಿಯುವುದು. ಇದರಲ್ಲಿ ಮೊದಲ ತಿಂಗಳಿಂದಲೇ ಕೈಗೆ ಸ್ಟೈಪೆಂಡ್ (ತರಬೇತಿ ಭತ್ಯೆ). 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅದು ಕಡ್ಡಾಯ. ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದರೆ ಇದು ಸಣ್ಣ ಮಾತಲ್ಲ. ಆದರೆ ತರಬೇತಿ ಮುಗಿದ ಮೇಲೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ.

ಜೋಡಿ ತರಬೇತಿ, ಅಂದರೆ ಡಿಎಸ್‌ಟಿ (ಡ್ಯುಯಲ್ ಸಿಸ್ಟಮ್ ಆಫ್ ಟ್ರೈನಿಂಗ್), ಬೇರೆ ಲೆಕ್ಕ. ಐಟಿಐ ಮತ್ತು ಕಾರ್ಖಾನೆ ಒಪ್ಪಂದ ಮಾಡಿಕೊಳ್ಳುತ್ತವೆ. ಥಿಯರಿ ಐಟಿಐಯಲ್ಲಿ, ಪ್ರಾಕ್ಟಿಕಲ್‌ನ ದೊಡ್ಡ ಪಾಲು ಕಾರ್ಖಾನೆಯಲ್ಲಿ. ಫಿಟ್ಟರ್ ಟ್ರೇಡ್‌ನವರು ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡು ಅರದಿಂದ ಉಜ್ಜಿ ಉಜ್ಜಿ ವರ್ನಿಯರ್‌ನಲ್ಲಿ (ಸೂಕ್ಷ್ಮ ಅಳತೆಯ ಉಪಕರಣ) ಅಳೆಯುವುದು ಕಲಿತಿರುತ್ತಾರೆ. ಕಾರ್ಖಾನೆಯಲ್ಲಿ ಅದೇ ಅಳತೆ ತಪ್ಪಿದರೆ ಪೀಸ್ ರಿಜೆಕ್ಟ್ ಆಗುತ್ತದೆ, ಸೂಪರ್‌ವೈಸರ್ ಮುಖ ಗಂಟಾಗುತ್ತದೆ. ಕೈ ಕುದುರುವುದು ಆಗಲೇ. ಕೊನೆಗೆ ಸಿಗುವುದು ದೇಶವಿಡೀ ನಡೆಯುವ ಐಟಿಐ ಸರ್ಟಿಫಿಕೇಟ್. ಅದರ ಮೇಲೆ ಅಪ್ರೆಂಟಿಸ್‌ಗೂ ಹೋಗಬಹುದು, ಡಿಪ್ಲೊಮಾಗೂ ಸೇರಬಹುದು.

ಎರಡು ವರ್ಷ ತಡೆಯುವ ಶಕ್ತಿ ಮನೆಗಿದ್ದರೆ ನನ್ನ ಓಟು ಜೋಡಿ ತರಬೇತಿಗೆ. ಬರೀ ಬ್ರೋಷರ್ ನಂಬಿ ಸೇರಬೇಡಿ ಮಾತ್ರ. ಒಪ್ಪಂದ ನಿಮ್ಮ ಟ್ರೇಡ್‌ಗೇ ಆಗಿದೆಯಾ, ಕಾರ್ಖಾನೆ ಭತ್ಯೆ ಕೊಡುತ್ತದಾ, ಅಲ್ಲಿ ಮಷಿನ್ ಮುಟ್ಟಲು ಬಿಡುತ್ತಾರಾ ಅಥವಾ ಪ್ಯಾಕಿಂಗ್‌ಗೆ ನಿಲ್ಲಿಸುತ್ತಾರಾ ಎಂದು ಹಿಂದಿನ ಬ್ಯಾಚಿನವರನ್ನೇ ಕೇಳಿ. ಸಕಲೇಶಪುರ, ಅರಕಲಗೂಡು ಕಡೆಯಿಂದ ಬರುವವರು ಶಿಫ್ಟ್ ಸಮಯಕ್ಕೆ ಬಸ್ಸಿದೆಯಾ ಅಂತಲೂ ನೋಡಿಕೊಳ್ಳಿ.