90% ರಿಯಾಯಿತಿಯ ವಿಜಯನಗರ ಇ-ಪುಸ್ತಕ: ದುಡ್ಡು ಕೊಡುವ ಮುಂಚೆ ಓದಿ

999 ರೂಪಾಯಿಗೆ ಗೀಟು ಹಾಕಿ ಪಕ್ಕದಲ್ಲಿ 99 ಎಂದು ಬರೆದ ಇಂಗ್ಲಿಷ್ ಇ-ಪುಸ್ತಕ. ಮುಖಪುಟದಲ್ಲಿ ಹಂಪಿಯ ಕಲ್ಲಿನ ರಥ, ಕೆಳಗೆ ಯಾರೋ ಹೊಸ ಸಂಪಾದಕರ ಹೆಸರು. ಕೊಂಡು ತೆರೆದರೆ ಒಳಗಿರುವುದು ವಿಜಯನಗರದ ಚರಿತ್ರೆಯ ಬಗ್ಗೆ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’. ಅದೂ ಪೂರ್ತಿಯಲ್ಲ.

ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಸೀವೆಲ್ ತೀರಿಕೊಂಡದ್ದು 1925ರಲ್ಲಿ. ಹಾಗಾಗಿ ಮರುಮಾರಾಟ ಕಾನೂನಿಗೆ ವಿರುದ್ಧವಲ್ಲ, ಆದರೆ ಆ 999 ಶುದ್ಧ ಕಟ್ಟುಕಥೆ. ಇದೇ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಮುದ್ರಣದ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ.

99 ರೂಪಾಯಿ ಹೋದರೆ ಹೋಗಲಿ ಎನ್ನಬಹುದು. ದೊಡ್ಡ ಪೆಟ್ಟು ಪಠ್ಯಕ್ಕೆ ಬಿದ್ದಿರುತ್ತದೆ. ಸ್ಕ್ಯಾನ್ ಪುಟಗಳನ್ನು ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಕೊಟ್ಟು, ಬಂದದ್ದನ್ನು ತಿದ್ದದೆ ಹಾಗೇ ಮಾರುತ್ತಾರೆ. ಅಡಿಟಿಪ್ಪಣಿಯ ಪುಟ್ಟ ಅಂಕಿ ಇಸವಿಗೆ ಅಂಟಿಕೊಂಡು 1565 ಹೋಗಿ 15652 ಆಗುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. 0 ಇದ್ದಲ್ಲಿ 6, 1 ಇದ್ದಲ್ಲಿ 7 ಕೂತರೆ ಪತ್ತೆಯೇ ಆಗದು. ರಾಯಚೂರು ಯುದ್ಧ ನಡೆದ ಇಸವಿ 16ನೇ ಶತಮಾನದ ಪೋರ್ಚುಗೀಸ್ ಬರಹಗಾರ ನ್ಯೂನಿಜ್ 1522 ಎನ್ನುತ್ತಾನೆ, ಅಲ್ಲ 1520 ಎಂದು ಸೀವೆಲ್ ವಾದಿಸುತ್ತಾನೆ. ಎರಡೇ ವರ್ಷದ ಅಂತರದ ಮೇಲೆ ನಿಂತ ಚರ್ಚೆಯಲ್ಲಿ ಅಂಕಿಯೇ ತಪ್ಪಾದರೆ ಓದಿ ಏನು ಬಂತು? ಅಡಿಟಿಪ್ಪಣಿಗಳನ್ನೂ ವಂಶಾವಳಿಯನ್ನೂ ನಕ್ಷೆಯನ್ನೂ ಕಿತ್ತುಹಾಕಿರುವುದು ಮಾಮೂಲು.

ಇನ್ನೂ ಕೆಟ್ಟದ್ದೆಂದರೆ ಪುಸ್ತಕದ ಉತ್ತರಾರ್ಧವನ್ನೇ ಬಿಟ್ಟಿರುವುದು. ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ನ್ಯೂನಿಜ್ ಬರೆದಿಟ್ಟದ್ದರ ಅನುವಾದ ಇರುವುದು ಅಲ್ಲಿ. ನಿಜ ಹೇಳಬೇಕೆಂದರೆ ಇವತ್ತಿಗೂ ಈ ಪುಸ್ತಕವನ್ನು ಹುಡುಕಿ ಓದುವುದೇ ಆ ಭಾಗಕ್ಕಾಗಿ. ಸೀವೆಲ್‌ನ ಎಷ್ಟೋ ತೀರ್ಮಾನಗಳು ಹಳತಾಗಿವೆ.

ಉಚಿತ ಸ್ಯಾಂಪಲ್ ನೋಡಿ ನೆಚ್ಚಿಕೊಳ್ಳಬೇಡಿ. ಅದರಲ್ಲಿ ಬರುವುದು ಮೊದಲ ಕೆಲವು ಪುಟ, ಅವನ್ನು ಮಾತ್ರ ಚೊಕ್ಕ ಮಾಡಿರುತ್ತಾರೆ. ಸ್ಯಾಂಪಲ್‌ನಲ್ಲಿ ಪರಿವಿಡಿ ತೆಗೆದು ಪಾಯಸ್, ನ್ಯೂನಿಜ್ ಹೆಸರಿದೆಯೇ ನೋಡಿ. ಮುನ್ನುಡಿಯ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿದರೆ ಮೂಲ ಪುಸ್ತಕ ಯಾವುದೆಂದು ಸಾಮಾನ್ಯವಾಗಿ ಅಲ್ಲೇ ಬಯಲಾಗುತ್ತದೆ. ಕೊಂಡೇ ಬಿಟ್ಟಿದ್ದರೆ ವಾಪಸಾತಿ ಗಡುವು ಮುಗಿಯುವ ಮುಂಚೆ ಇಡೀ ಪುಸ್ತಕದಲ್ಲಿ ‘ರೋಮ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ವಿಜಯನಗರ ರೋಮಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಪಾಯಸ್‌ನ ಮಾತು. ಅದು ಸಿಗದಿದ್ದರೆ ಅವನ ಭಾಗಕ್ಕೆ ಕತ್ತರಿ ಬಿದ್ದಿದೆ ಅಂತಲೇ.

ಕನ್ನಡದ ಕಂತೆಗಳ ಕತೆ ಬೇರೆ. ‘50 ಇತಿಹಾಸ ಪುಸ್ತಕ 199ಕ್ಕೆ’ ಎಂದು ಟೆಲಿಗ್ರಾಂನಲ್ಲಿ ಬರುವ ಪಿಡಿಎಫ್‌ಗಳಲ್ಲಿ ಈಗಲೂ ಹಕ್ಕುಸ್ವಾಮ್ಯವಿರುವ ಪುಸ್ತಕಗಳ ಕಳ್ಳಪ್ರತಿಗಳೇ ತುಂಬಿರುತ್ತವೆ, ಯುಪಿಐನಲ್ಲಿ ಕಳಿಸಿದ ದುಡ್ಡನ್ನು ವಾಪಸ್ ಕೇಳಲು ಆಸಾಮಿ ಸಿಗುವುದಿಲ್ಲ. ನ್ಯಾಯವಾಗಿ ಮಾರುವ ಪಿಡಿಎಫ್‌ನಲ್ಲೂ ಒಂದು ತೊಡಕಿದೆ: ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಮಾಡಿದ್ದರೆ ಕಣ್ಣಿಗೆ ಚಂದ ಕಾಣುತ್ತದೆ, ‘ದೇವರಾಯ’ ಎಂದು ಹುಡುಕಿದರೆ ಒಂದೂ ಸಿಗದು. ಸ್ಯಾಂಪಲ್‌ನಿಂದ ಒಂದು ಪದ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ರೋಮನ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಹಳೆಯ ಫಾಂಟು. ‘ಕೃಷ್ಣ’ ಹೋಗಿ ‘ಕೃಷಣ’ ಬಂದರೆ ತಿದ್ದದ ಓಸಿಆರ್.