ಗೂಡಿನೊಳಗೆ ಗೂಡು: ಕಾಲ್‌ಬ್ಯಾಕ್ ಬಿಡಿಸೋಕೆ ಯಾವ ದಾರಿ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಆ್ಯಪ್ ಬರೀತಿದ್ದೀರಿ ಅಂದುಕೊಳ್ಳಿ. ಮೊದಲು ಲಾಟ್ ನಂಬರ್, ಆಮೇಲೆ ಹರಾಜಿನ ದರ, ಆಮೇಲೆ ತೂಕ, ಕೊನೆಗೆ ರೈತರ ಖಾತೆಗೆ ಹಣ. ಕಾಲ್‌ಬ್ಯಾಕ್ ಅಂದ್ರೆ ಒಂದು ಕೆಲಸ ಮುಗಿದ ಮೇಲೆ ಓಡಲಿ ಅಂತ ಕೊಡೋ ಫಂಕ್ಷನ್; ಅದರಲ್ಲೇ ಬರೆದರೆ ನಾಲ್ಕು ಫಂಕ್ಷನ್ ಒಂದರೊಳಗೊಂದು. ಪ್ರತಿಯೊಂದರಲ್ಲೂ ಎರರ್ ಬಂತಾ ಅಂತ ನೋಡೋ ಕೆಲಸ ಬೇರೆ. ನಾನು ಹೀಗೇ ಬರೆದು ಮೂರನೇ ಹಂತದಲ್ಲಿ ಅದನ್ನ ಮರೆತೆ. ತೂಕ ಬರಲಿಲ್ಲ, ಮೊತ್ತದ ಜಾಗದಲ್ಲಿ ‘ನ್ಯಾನ್’ (NaN, ಅಂದ್ರೆ ‘ಇದು ಸಂಖ್ಯೆ ಅಲ್ಲ’) ಕೂತಿತ್ತು.

ಒಳಗಿನ ಫಂಕ್ಷನ್‌ಗಳಿಗೆ ಹೆಸರಿಟ್ಟು ಹೊರಗೆ ತೆಗೆಯೋದು ಅಗ್ಗದ ದಾರಿ. ಹಳೇ ಕೋಡಿಗೆ ಅಷ್ಟು ಸಾಕು, ಓದೋವಾಗ ಮಾತ್ರ ಮೇಲೆ ಕೆಳಗೆ ಹಾರಬೇಕು.

ಎರಡನೇ ದಾರಿ 2015ರಲ್ಲಿ ಭಾಷೆಗೆ ಸೇರಿದ ಪ್ರಾಮಿಸ್, ಅಂದ್ರೆ ಮುಂದೆ ಬರೋ ಉತ್ತರಕ್ಕೆ ಈಗಲೇ ಸಿಗೋ ಚೀಟಿ. ಇದರಲ್ಲಿ ಹಂತಗಳು ‘ದೆನ್’ ಸರಪಳಿಯಾಗಿ ಇಳಿಯುತ್ತವೆ, ಕೊನೆಗೆ ಎರರ್ ಹಿಡಿಯೋಕೆ ಒಂದೇ ‘ಕ್ಯಾಚ್’. ಆದರೆ ಹಣ ಹಾಕೋ ಹಂತಕ್ಕೆ ಮೊದಲಿನ ಲಾಟ್ ನಂಬರ್ ಬೇಕಾದರೆ ಅದನ್ನ ಹೊತ್ತು ತರೋದೇ ಪೀಕಲಾಟ.

2017ರ ಅಸಿಂಕ್-ಅವೇಟ್‌ನಲ್ಲಿ ಆ ಕಾಟ ಇಲ್ಲ. ‘ಅವೇಟ್’ ಹಾಕಿದ ಸಾಲು ಪ್ರಾಮಿಸ್‌ನ ಉತ್ತರ ಬರೋವರೆಗೆ ಕಾಯುತ್ತೆ: ನಾಲ್ಕು ಸಾಲು, ಎರರ್ ಹಿಡಿಯೋಕೆ ಸುತ್ತ ಒಂದು ಟ್ರೈ-ಕ್ಯಾಚ್. ಹೊಸದಾಗಿ ಬರೆಯೋರಿಗೆ ನನ್ನ ಓಟು ಇದಕ್ಕೇ. ಹತ್ತು ಲಾಟಿನ ದರ ತರೋವಾಗ ಮಾತ್ರ ಲೂಪಿನೊಳಗೆ ಅವೇಟ್ ಹಾಕಬೇಡಿ, ಒಂದಾದ ಮೇಲೊಂದು ಕಾಯುತ್ತೆ. ಎಲ್ಲಕ್ಕೂ ಒಟ್ಟಿಗೆ ಕಾಯೋ ಪ್ರಾಮಿಸ್ ಡಾಟ್ ಆಲ್ (Promise.all) ಬಳಸಿ. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ನ (Node.js) ಹಳೇ ಕಾಲ್‌ಬ್ಯಾಕ್ ಫಂಕ್ಷನ್ ಇದ್ದರೆ, ಅದನ್ನ ಪ್ರಾಮಿಸ್ ಕೊಡೋ ಹಾಗೆ ಮಾಡೋ ‘ಪ್ರಾಮಿಸಿಫೈ’ನಲ್ಲಿ ಸುತ್ತಿದರಾಯ್ತು.