ಅಪ್ಪನ ಕಿವಿ ಮಷೀನು, ಹತ್ತು ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ಮೊದ್ಲು ಬೇಕಾದವರಿಗೆ ಬೇಕಾದ್ದು ಹೇಳ್ಬಿಡ್ತೀನಿ. ಅಪ್ಪಂಗೆ 74. ಎರಡೂ ಕಿವಿಗೆ, ಕಿವಿ ಹಿಂದೆ ಕೂರೋ ಡಿಜಿಟಲ್ ಮಷೀನು, 13 ನಂಬರ್ ಬ್ಯಾಟರಿ, ಕಿವಿ ಅಚ್ಚು ತೆಗೆದು ಮಾಡಿಸಿದ ಮೋಲ್ಡು, ಎಲ್ಲಾ ಸೇರಿ 38 ಸಾವಿರ ಚಿಲ್ಲರೆ ಆಯ್ತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಕಂಪ್ನಿ ಹೆಸರು ಬರೀತಿಲ್ಲ, ಯಾಕಂದ್ರೆ ಈ ಹತ್ತು ತಿಂಗಳಲ್ಲಿ ನಂಗೆ ಅರ್ಥ ಆಗಿದ್ದು ಏನಂದ್ರೆ ಟೆಸ್ಟ್ ಯಾರು ಮಾಡಿದ್ರು, ಸೆಟ್ಟಿಂಗ್ ಯಾರು ಮಾಡಿದ್ರು, ಆಮೇಲೆ ಮನೇಲಿ ನಾವು ಹೆಂಗೆ ನಡ್ಕೊಂಡ್ವಿ ಅನ್ನೋದ್ರ ಮುಂದೆ ಕಂಪ್ನಿ ಹೆಸರು ಬಹಳ ಸಣ್ಣ ವಿಷ್ಯ.

ಅಪ್ಪ ಮಂಡ್ಯ ಕಡೆ ಹಳ್ಳೀಲಿ 31 ವರ್ಷ ಹಿಟ್ಟಿನ ಮಿಲ್ ನಡೆಸಿದವರು. ಬೆಳಗ್ಗೆ ಎಂಟಕ್ಕೆ ಮೋಟ್ರು ಆನ್ ಮಾಡಿದ್ರೆ ಕತ್ತಲಾಗೋವರೆಗೂ ಅದೇ ಸದ್ದು. ರಾಗಿ ಬೀಸೋವಾಗ ಕಲ್ಲಿನ ಸದ್ದಲ್ಲೇ ಹೇಳ್ಬಿಡೋರು ಕಲ್ಲು ಕೆತ್ತಿಸೋ ಟೈಮ್ ಬಂತು ಅಂತ, ಕೆಳಗೆ ಬೀಳೋ ಹಿಟ್ಟನ್ನ ಎರಡು ಬೆರಳಲ್ಲಿ ಉಜ್ಜಿ ನೋಡಿ ತಲೆ ಆಡಿಸೋರು. ಅಷ್ಟು ಸೂಕ್ಷ್ಮ ಕಿವಿ ಇದ್ದ ಮನುಷ್ಯ. ಐದು ವರ್ಷದ ಹಿಂದೆ ಮಿಲ್ ಮುಚ್ಚಿ ಅಪ್ಪ ಅಮ್ಮ ಮೈಸೂರಿಗೆ ನಮ್ಮನೆಗೆ ಬಂದ್ರು. ಬಂದ ಒಂದೆರಡು ವರ್ಷಕ್ಕೆ ಅಪ್ಪ ಬದಲಾದ್ರು ಅಂತ ನಮಗೆ ಅನ್ಸೋಕೆ ಶುರುವಾಯ್ತು. ಸಿಡುಕು, ಮಾತು ಕಮ್ಮಿ, ಯಾರಾದ್ರೂ ಮನೆಗೆ ಬಂದ್ರೆ ಎದ್ದು ರೂಮಿಗೆ ಹೋಗೋದು, ಫೋನ್ ಬಂದ್ರೆ ಅಮ್ಮನ ಕೈಗೆ ಕೊಡೋದು. ನಾನು ನನ್ನ ಹೆಂಡ್ತಿ ಅಡುಗೆಮನೇಲಿ ಮಾತಾಡ್ತಿದ್ರೆ "ನನ್ ಬಗ್ಗೆ ಏನೋ ಅಂತಿದೀರ" ಅನ್ನೋರು. ಒಂದಿನ ನನ್ನ ಮಗಳು "ತಾತ, ಹಾಲು ಬಂತಾ" ಅಂತ ಕೇಳಿದ್ಲು, ಅಪ್ಪ "ಕಾಲು ಈಗ ವಾಸಿ ಕಣಮ್ಮ, ನೋವಿಲ್ಲ" ಅಂದ್ರು. ಎಲ್ರೂ ನಕ್ವಿ. ಅಪ್ಪನೂ ನಕ್ರು. ಆ ನಗು ನೆನಸ್ಕೊಂಡ್ರೆ ಈಗ ಹೊಟ್ಟೆ ಹಿಂಡಿದಂಗಾಗುತ್ತೆ, ಯಾಕಂದ್ರೆ ಅವ್ರು ನಕ್ಕಿದ್ದು ನಾವು ನಗ್ತಿದೀವಿ ಅಂತ, ಯಾಕೆ ನಗ್ತಿದೀವಿ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ.

ನೆಂಟರು ಬಂದೋರೆಲ್ಲ ಒಂದೇ ಮಾತು, ವಯಸ್ಸಾಯ್ತಲ್ಲ, ಅರಳು ಮರಳು ಅಂತ. ನಾವೂ ಅದನ್ನೇ ನಂಬಿದ್ವಿ. ಮರೆವಿನ ಕಾಯಿಲೆ ಇರಬಹುದು ಅಂತ ಹೆದರಿ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಆ ಪುಣ್ಯಾತ್ಮ ಮಾಡಿದ ಮೊದಲ ಕೆಲಸ ಏನಂದ್ರೆ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಮೆಲ್ಲಗೆ ಎರಡು ಪ್ರಶ್ನೆ ಕೇಳಿದ್ರು, ಅಪ್ಪ ತಬ್ಬಿಬ್ಬಾದ್ರು. ಮಾಸ್ಕ್ ತೆಗೆದು ಎದುರಿಗೆ ಕೂತು ಅದನ್ನೇ ಕೇಳಿದ್ರು, ಅಪ್ಪ ಸರಿಯಾಗಿ ಉತ್ತರ ಕೊಟ್ರು. "ಮೊದ್ಲು ಕಿವಿ ತೋರಿಸ್ಕೊಂಡು ಬನ್ನಿ, ಕೇಳಿಸ್ದೇ ಇರೋ ಮಾತನ್ನ ಯಾರು ನೆನಪಿಟ್ಕೊಳ್ಳೋಕಾಗುತ್ತೆ" ಅಂದ್ರು.

ಇಲ್ಲಿಂದ ನಾವು ಎರಡು ಸಲ ದುಡ್ಡು ಹಾಳು ಮಾಡ್ಕೊಂಡ್ವಿ, ನೀವು ಮಾಡ್ಕೋಬೇಡಿ ಅಂತಲೇ ಇದನ್ನ ಬರೀತಿರೋದು. ಮೊದಲನೇದು ಆನ್‌ಲೈನಲ್ಲಿ 1,800 ರೂಪಾಯಿಗೆ ಸಿಕ್ಕಿದ ಮಷೀನು. ಅದು ಸದ್ದು ಜೋರು ಮಾಡೋ ಸಾಮಾನು ಅಷ್ಟೇ. ಫ್ಯಾನ್ ಸದ್ದೂ ಜೋರು, ರಸ್ತೆ ಹಾರ್ನೂ ಜೋರು, ತಟ್ಟೆ ಇಟ್ರೆ ಸಿಡಿಲು ಬಡಿದಂಗೆ, ನಡುವೆ ಕುಯ್ ಅಂತ ಸೀಟಿ ಬೇರೆ. ನಾಲ್ಕೇ ದಿನಕ್ಕೆ ಡ್ರಾಯರ್ ಸೇರ್ತು. ಎರಡನೇದು ಒಂದು ಅಂಗಡಿ. ಅಲ್ಲಿ ರೋಡ್ ಸದ್ದು ಕೇಳಿಸೋ ರೂಮಲ್ಲಿ ಹತ್ತು ನಿಮಿಷ ಟೆಸ್ಟ್ ಮಾಡಿ, ಒಂದೇ ಕಿವಿಗೆ 26 ಸಾವಿರದ್ದು ಹಾಕಿ ಕಳಿಸಿದ್ರು. ಏನು ಕೇಳಿದ್ರೂ ನನ್ನ ಮುಖ ನೋಡಿ ಕೇಳೋರು, ಅಪ್ಪನ ಮುಖ ನೋಡಿ ಒಂದು ಮಾತೂ ಇಲ್ಲ. ಕಿವಿ ಅಪ್ಪಂದು, ದುಡ್ಡೂ ಅಪ್ಪಂದು. ಆಮೇಲೆ ಸೆಟ್ಟಿಂಗ್ ಸರಿ ಮಾಡಿಸೋಕೆ ಹೋದ್ರೆ "ಅಭ್ಯಾಸ ಆಗುತ್ತೆ ಸರ್" ಅನ್ನೋದೊಂದೇ ಉತ್ತರ. ಆ ಅಂಗಡಿಗೆ ನನ್ನ ಕಡೆಯಿಂದ ಒಂದು ಸ್ಟಾರೂ ಜಾಸ್ತಿ.

ಮೂರನೇ ಸಲ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದ್ವಿ, ಮೈಸೂರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅಂತೀವಲ್ಲ ಅದು. ಕೇಂದ್ರ ಸರ್ಕಾರದ ಸಂಸ್ಥೆ, ದೇಶಕ್ಕೆ ಕಿವಿ, ಮಾತು ಎರಡರ ತಜ್ಞರನ್ನ ತಯಾರು ಮಾಡೋ ಜಾಗ ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿಟ್ಕೊಂಡು ನಾವು ಆನ್‌ಲೈನಲ್ಲಿ ಹುಡುಕ್ತಾ ಇದ್ವಿ. ಬೆಳಗ್ಗೆ ಬೇಗ ಹೋಗ್ಬೇಕು, ಕಾಯ್ಬೇಕು, ಅರ್ಧ ದಿನ ಮೀಸಲಿಡಿ. ಸದ್ದು ಒಳಗೆ ಬರದಂಗೆ ಕಟ್ಟಿದ ರೂಮಲ್ಲಿ ಕೂರ್ಸಿ ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿಸಿದಾಗೆಲ್ಲ ಕೈ ಎತ್ತಿ ಅಂತಾರೆ, ಆಮೇಲೆ ಪದಗಳನ್ನ ಹೇಳಿ ವಾಪಸ್ ಹೇಳಿಸ್ತಾರೆ. ಕೊನೇಲಿ ಒಂದು ಗ್ರಾಫ್ ಕೊಟ್ರು. ಎಡಗಡೆಯಿಂದ ಬಲಗಡೆಗೆ ಬೆಟ್ಟ ಇಳಿದಂಗೆ ಇತ್ತು ಗೆರೆ.

ಆ ಗ್ರಾಫ್ ಇಟ್ಕೊಂಡು ಆಡಿಯಾಲಜಿಸ್ಟ್ ಹುಡುಗಿ, ಅಂದ್ರೆ ಕಿವಿ ಪರೀಕ್ಷೆ ಮಾಡೋ ತಜ್ಞೆ, ಅಪ್ಪನ ಕಡೆನೇ ತಿರುಗಿ ಕೂತು, ಬಿಡಿಸಿ ಬಿಡಿಸಿ ಹೇಳಿದ್ಲು. ವಯಸ್ಸಿಗೆ ಮೊದಲು ಹೋಗೋದು ಚೂಪಾದ ಸದ್ದು. ಅ, ಆ, ಓ ಇಂಥ ಸ್ವರಗಳು ಕೇಳಿಸ್ತಾವೆ, ಸ ಶ ತ ಕ ಪ ಇವೆಲ್ಲ ಜಾರಿ ಹೋಗ್ತವೆ. ಅದಕ್ಕೇ ಯಾರೋ ಮಾತಾಡ್ತಿದಾರೆ ಅನ್ನೋದು ಗೊತ್ತಾಗುತ್ತೆ, ಏನು ಅನ್ನೋದು ಗೊತ್ತಾಗಲ್ಲ. ಹಾಲು ಕಾಲಾಗೋದು ಹಿಂಗೆ. ಒಳಗಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಒಂದ್ಸಲ ಹೋದ್ರೆ ಮತ್ತೆ ಹುಟ್ಟಲ್ವಂತೆ, ವರ್ಷಗಟ್ಟಲೆ ಮಿಷಿನ್ ಸದ್ದಲ್ಲಿ ಇದ್ದವರಿಗೆ ಇದು ಇನ್ನೂ ಬೇಗ. ಇನ್ನೊಂದು ಮಾತು ಹೇಳಿದ್ಲು, ಜೋರಾಗಿ ಕೂಗಿದ್ರೆ ಅವರಿಗೆ ಸ್ಪಷ್ಟ ಆಗಲ್ಲ, ಬರೀ ಬೈದಂಗೆ ಆಗುತ್ತೆ ಅಂತ. ಅಮ್ಮ ತಲೆ ತಗ್ಗಿಸಿದ್ರು. ಇಷ್ಟು ವರ್ಷದಿಂದ ನಾವು ಮಾಡಿದ್ದು ಅದೇ.

ಸಾಯಂಕಾಲ ಅಪ್ಪ ಯಾಕೆ ಸುಸ್ತಾಗಿ ಮಲಗಿಬಿಡೋರು ಅನ್ನೋದೂ ಅವತ್ತೇ ಗೊತ್ತಾಗಿದ್ದು. ಅರ್ಧಂಬರ್ಧ ಕೇಳಿದ್ದನ್ನ ತುಟಿ ನೋಡಿ, ಮುಖ ನೋಡಿ, ಅಂದಾಜು ಮಾಡಿ ಜೋಡಿಸ್ತಾ ಇರೋದು ದಿನಪೂರ್ತಿ ಕೆಲಸ. ಹಳ್ಳೀಲಿ ಎಲ್ರ ದನಿನೂ, ಎಲ್ರ ಮಾತಿನ ರೀತಿನೂ ಗೊತ್ತಿತ್ತು, ಅಂದಾಜು ಸಲೀಸು. ಇಲ್ಲಿ ಹೊಸ ಜನ, ಅವಸರದ ಮಾತು. ಮಿಲ್ಲಲ್ಲಿ ಯಜಮಾನ್ರೇ ಅಂತ ನಾಲ್ಕೂರಿನವರು ಕರೀತಿದ್ದ ಮನುಷ್ಯ ಇಲ್ಲಿ ಯಾರದೋ ಮನೆ ತಾತ ಆಗಿ, ಅದರ ಮೇಲೆ ಮಾತೂ ಕೇಳಿಸ್ದೇ, ತಪ್ಪು ಉತ್ತರ ಕೊಟ್ಟು ನಗೆಪಾಟಲಾಗೋದಕ್ಕಿಂತ ಸುಮ್ನಿರೋದೇ ಮೇಲು ಅಂತ ರೂಮ್ ಸೇರಿದ್ರು. ನಾವು ಅದನ್ನ ಸ್ವಭಾವ ಬದಲಾಯ್ತು ಅಂದ್ಕೊಂಡ್ವಿ. ಅಮ್ಮನ ಕಥೆ ಇನ್ನೊಂದು. ಅಪ್ಪನ ಕಿವಿ ಆಗಿ ಆಗಿ ಅಮ್ಮ ಭಜನೆಗೆ ಹೋಗೋದು ಬಿಟ್ಟಿದ್ರು, ಬ್ಯಾಂಕು ಡಾಕ್ಟ್ರು ಮದುವೆ ಎಲ್ಲಾ ಕಡೆ ಪಕ್ಕದಲ್ಲಿ ನಿಂತು ಒಂದೊಂದು ಮಾತೂ ಎರಡನೇ ಸಲ ಹೇಳೋದು. ಅಮ್ಮಂಗೂ 68 ಆಗಿದೆ ಅನ್ನೋದು ನಮಗೆ ಯಾರಿಗೂ ಹೊಳೀಲೇ ಇಲ್ಲ.

ನಂಗೆ 49. ನಲವತ್ತೆರಡಕ್ಕೇ ಚಾಳೀಸು ಬಂತು, ಕನ್ನಡಕ ಮಾಡಿಸಿ ಹಾಕ್ಕೊಂಡೆ, ಯಾರೂ ಏನೂ ಅನ್ಲಿಲ್ಲ. ಕಣ್ಣಿಗೆ ಬಂದ್ರೆ ಚಾಳೀಸು ಅಂತ ಮರ್ಯಾದೆಯ ಹೆಸರಿದೆ, ಕಿವಿಗೆ ಬಂದ್ರೆ ನಮ್ಮ ಭಾಷೇಲಿ ಇರೋದು ಕೆಪ್ಪ ಅನ್ನೋ ಬೈಗುಳ. ಅಪ್ಪ ಮಷೀನ್ ಬೇಡ ಅಂತ ಎರಡು ವರ್ಷ ಹಟ ಮಾಡಿದ್ದು ಯಾಕೆ ಅಂತ ಈಗ ಅರ್ಥ ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 25ಕ್ಕಿಂತ ಜಾಸ್ತಿ ಜನಕ್ಕೆ ತೊಂದರೆ ಕೊಡೋ ಮಟ್ಟದ ಕಿವಿ ದೋಷ ಇದೆ. ಅಂದ್ರೆ ನಾಲ್ಕು ಜನ ಹಿರಿಯರು ಕೂತಿದ್ರೆ ಅದ್ರಲ್ಲೊಬ್ರು. ನಾಚ್ಕೊಳ್ಳೋಕೆ ಏನಿದೆ ಇದ್ರಲ್ಲಿ.

ಈಗ ಮಷೀನ್ ವಿಷ್ಯ. ಮೊದಲ ದಿನ ಅಪ್ಪ ಹಾಲಲ್ಲಿ ಪೇಪರ್ ಓದ್ತಾ ಕೂತಿದ್ರು, ಪೇಪರ್ ಮಡಚೋ ಸದ್ದಿಗೇ ಬೆಚ್ಚಿದ್ರು. ಸ್ವಲ್ಪ ಹೊತ್ತಿಗೆ ಅಡುಗೆಮನೆ ಕಡೆ ತಿರುಗಿ "ಒಗ್ಗರಣೆಗೆ ಸಾಸಿವೆ ಹಾಕ್ದಾ?" ಅಂದ್ರು. ಅಮ್ಮ ಸೌಟು ಹಿಡ್ಕೊಂಡೇ ಬಾಗಿಲಿಗೆ ಬಂದು ನಿಂತ್ರು, ಏನೂ ಮಾತಾಡ್ಲಿಲ್ಲ. ಚಿಟಪಟ ಅನ್ನೋ ಆ ಸದ್ದು ಎಷ್ಟು ವರ್ಷದಿಂದ ಅವರಿಗೆ ಕೇಳಿರ್ಲಿಲ್ವೋ.

ಆದ್ರೆ ಹಾಕಿದ ತಕ್ಷಣ ಎಲ್ಲಾ ಸರಿಹೋಗುತ್ತೆ ಅಂತ ಅಂದ್ಕೋಬೇಡಿ. ಮೊದಲ ಮೂರು ವಾರ ಕಷ್ಟ. ಮಿದುಳು ಇಷ್ಟು ಸದ್ದು ಮರ್ತೇಬಿಟ್ಟಿರುತ್ತೆ, ಪಾತ್ರೆ ಸದ್ದಿಗೆ ಕಿತ್ತು ಬಿಸಾಕ್ತೀನಿ ಅನ್ನೋರು. ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಹಿಂಗೆ ಏರಿಸ್ಕೊಂಡು ಹೋದ್ವಿ, ಮೂರು ಸಲ ಹೋಗಿ ಸೆಟ್ಟಿಂಗ್ ಬದಲಾಯಿಸಿದ್ವಿ. ಯಾವಾಗ, ಎಲ್ಲಿ, ಯಾವ ಸದ್ದು ಕಿರಿಕಿರಿ ಆಯ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಕೊಂಡು ಹೋಗಿ, ಬಹಳ ಉಪಯೋಗ ಆಗುತ್ತೆ. ಈ ಮೂರು ಸಲ ಹೋಗೋ ತಾಳ್ಮೆ ಇಲ್ಲದೇ ಎಷ್ಟೋ ಮನೇಲಿ ಮಷೀನು ಡಬ್ಬೀಲೇ ಇದೆ.

ಬ್ಯಾಟರಿ ಬಗ್ಗೆ. ಕಿತ್ತಳೆ ಸ್ಟಿಕರ್ ತೆಗೆದು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕ್ಬೇಕು, ಅದು ಗಾಳಿ ಕುಡಿದು ಕೆಲಸ ಮಾಡೋ ಬ್ಯಾಟರಿ. ಮತ್ತೆ ಸ್ಟಿಕರ್ ಅಂಟಿಸಿದ್ರೆ ಉಳಿಯಲ್ಲ. ನಮಗೆ ಒಂದು ಜೊತೆ ಹತ್ತು ಹನ್ನೆರಡು ದಿನ ಬರುತ್ತೆ. ರಾತ್ರಿ ಬ್ಯಾಟರಿ ಬಾಗಿಲು ತೆಗೆದಿಡಿ. ಮಳೆಗಾಲದಲ್ಲಿ ತೇವ ಎಳ್ಕೊಳ್ಳೋ ಹರಳಿರೋ ಡಬ್ಬೀಲಿ ಇಡಿ. ಮೋಲ್ಡ್ ಬಿಚ್ಚಿ ಸೋಪ್ ನೀರಲ್ಲಿ ತೊಳೀಬಹುದು, ಮಷೀನಿಗೆ ಮಾತ್ರ ನೀರು ತಾಗಿಸ್ಬೇಡಿ. ಮನೇಲಿ ಸಣ್ಣ ಮಕ್ಕಳಿದ್ರೆ ಬ್ಯಾಟರಿ ಕೈಗೆ ಸಿಗದಂಗೆ ಇಡಿ, ನುಂಗಿದ್ರೆ ಅಪಾಯ. ಒಂದು ಸ್ಟಾರ್ ಕಮ್ಮಿ ಮಾಡಿದ್ದೂ ಇಲ್ಲೇ, ಮೂವತ್ತು ವರ್ಷ ಮೂಟೆ ಎತ್ತಿದ ದಪ್ಪ ಬೆರಳಿಗೆ ಆ ಸಣ್ಣ ಬಾಗಿಲು ಸಿಗಲ್ಲ. ವಯಸ್ಸಾದವರಿಗೆ ಅಂತ ಮಾಡೋ ಸಾಮಾನನ್ನ ವಯಸ್ಸಾದವರ ಕೈ ನೋಡಿ ಮಾಡ್ಬೇಕಲ್ವಾ. ಬೆರಳು ನಡುಗೋರು ಇದ್ರೆ ಚಾರ್ಜ್ ಮಾಡೋ ಮಾಡೆಲ್ ನೋಡಿ. ಛತ್ರದಲ್ಲಿ, ವಾಲಗದ ಹತ್ರ ಈಗ್ಲೂ ಅಷ್ಟಕ್ಕಷ್ಟೇ, ಇಬ್ರು ಒಟ್ಟಿಗೆ ಮಾತಾಡಿದ್ರೂ ಕಷ್ಟ.

ಉಳಿದ ಅರ್ಧ ಕೆಲಸ ಮನೆಯವರದ್ದು. ಇನ್ನೊಂದು ರೂಮಿಂದ ಮಾತಾಡಿಸಲ್ಲ, ಎದುರಿಗೆ ಬಂದು, ಬೆಳಕಲ್ಲಿ ಮುಖ ಕಾಣೋ ಹಂಗೆ ಕೂತು, ಮಾಮೂಲಿ ದನೀಲಿ ಸ್ವಲ್ಪ ನಿಧಾನಕ್ಕೆ ಮಾತಾಡ್ತೀವಿ. ಕೇಳಿಸ್ಲಿಲ್ಲ ಅಂದ್ರೆ ಅದೇ ಮಾತನ್ನ ಮತ್ತೆ ಕೂಗೋ ಬದಲು ಬೇರೆ ಪದದಲ್ಲಿ ಹೇಳ್ತೀವಿ. ಊಟದ ಹೊತ್ತಲ್ಲಿ ಟಿವಿ ಆಫ್. ಎಲ್ಲಕ್ಕಿಂತ ಮುಖ್ಯ, "ಏನಿಲ್ಲ ಬಿಡಿ" ಅನ್ನೋ ಮಾತು ನಮ್ಮನೇಲಿ ನಿಲ್ಸಿದೀವಿ. ಏನಂದ್ರಿ ಅಂತ ಕೇಳಿದವರಿಗೆ ಏನಿಲ್ಲ ಬಿಡಿ ಅನ್ನೋದಕ್ಕಿಂತ ದೊಡ್ಡ ಅವಮಾನ ಇಲ್ಲ, ನಿಮಗೆ ಗೊತ್ತಾಗೋದು ಬೇಕಾಗಿಲ್ಲ ಅಂದಂಗೆ ಅದು.

ಮರೆವಿನ ಬಗ್ಗೆ ತುಂಬಾ ಜನ ಕೇಳ್ತಾರೆ ಅಂತ ಹೇಳ್ತೀನಿ. ಡಿಮೆನ್ಷಿಯಾ ಅಂದ್ರೆ ಮರೆವಿನ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದೀಲಿ, ನಮ್ಮ ಕೈಲಿ ತಡೆಯೋಕೆ ಸಾಧ್ಯ ಇರೋ 14 ಅಂಶಗಳನ್ನ ಪಟ್ಟಿ ಮಾಡಿದಾರೆ, ಅದ್ರಲ್ಲಿ ಕಿವಿ ಕೇಳದೇ ಇರೋದು ಒಂದು, ಒಂಟಿತನಾನೂ ಒಂದು. 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನ ಮೂರು ವರ್ಷ ನೋಡಿದ ಅಧ್ಯಯನ ಬಂತು. ಎಲ್ರನ್ನೂ ಸೇರ್ಸಿ ನೋಡಿದ್ರೆ ಮಷೀನ್ ಹಾಕಿದವರಿಗೂ ಹಾಕದವರಿಗೂ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಲ್ಲಿ ಬುದ್ಧಿ ಕುಂದೋ ವೇಗ 48 ಪರ್ಸೆಂಟ್ ಕಮ್ಮಿ ಆಗಿತ್ತು. ಹಂಗಾಗಿ ಮಷೀನ್ ಹಾಕಿದ್ರೆ ಮರೆವು ಬರೋದೇ ಇಲ್ಲ ಅಂತ ಯಾರಾದ್ರೂ ಮಾರಾಟ ಮಾಡೋಕೆ ಬಂದ್ರೆ ನಂಬ್ಬೇಡಿ, ಹಾಗಂತ ತಡ ಮಾಡ್ಲೂಬೇಡಿ.

ದುಡ್ಡಿನ ತೊಂದರೆ ಇರೋರು ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಗ್ಗೆ ವಿಚಾರಿಸಿ, 2017ರಿಂದ ಇದೆ, 60 ದಾಟಿದ ಬಿಪಿಎಲ್‌ನವರಿಗೆ ಕ್ಯಾಂಪ್ ಮಾಡಿ ಊರುಗೋಲು, ಕನ್ನಡಕ, ಕಿವಿ ಮಷೀನ್ ಎಲ್ಲಾ ಪುಕ್ಕಟೆ ಕೊಡ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಬಹುದು.

ಈಗ ಅಪ್ಪ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗ್ತಾರೆ, ಅಲ್ಲಿ ಬೆಂಚಲ್ಲಿ ಕೂರೋ ಐದಾರು ಜನರ ಗುಂಪು ಸಿಕ್ಕಿದೆ, ಅದ್ರಲ್ಲೊಬ್ರು ಅಪ್ಪನ ಕಿವಿ ನೋಡಿ ತಾವೂ ಟೆಸ್ಟ್ ಮಾಡಿಸ್ಕೊಂಡು ಬಂದ್ರು. ಅಮ್ಮ ಶನಿವಾರ ಭಜನೆಗೆ ಮತ್ತೆ ಹೋಗ್ತಿದಾರೆ. ನಾನೂ ಕಿವಿ ಟೆಸ್ಟ್ ಮಾಡಿಸ್ದೆ, ಸದ್ಯಕ್ಕೆ ಸರಿ ಇದೆ, ಐವತ್ತಾದ ಮೇಲೆ ವರ್ಷಕ್ಕೊಂದ್ಸಲ ಮಾಡಿಸ್ಕೊಳ್ಳೋದು ಅಂತ ತೀರ್ಮಾನ ಮಾಡಿದೀನಿ. ಅಪ್ಪನ ಎಡಗಿವಿ ಮೋಲ್ಡ್ ಸ್ವಲ್ಪ ಸಡಿಲ ಆಗಿದೆ, ಅಗಿಯೋವಾಗ ಸೀಟಿ ಬರ್ತಿದೆ, ಗುರುವಾರ ಹೊಸ ಅಚ್ಚು ಕೊಡೋಕೆ ಹೋಗ್ಬೇಕು. ನಾನು ರಜೆ ಹಾಕ್ತೀನಿ ಅಂದೆ. "ಬೇಡಪ್ಪ, ನಾನೊಬ್ನೇ ಹೋಗ್ಬರ್ತೀನಿ, ಹೆಸರು ಕರೆದ್ರೆ ನಂಗೆ ಕೇಳುತ್ತೆ" ಅಂದ್ರು.